ತೋಪು ಎಳೆದು ತರುವ ಭಾರ

ವಿಜಯಪುರದ ಪಶ್ಚಿಮ ಕೋಟೆಗೋಡೆಯ ಷೇರ್ಜಾ ಬುರುಜಿನ ಮೇಲೆ ಕೂತಿರುವ ಮಲಿಕ್-ಎ-ಮೈದಾನ್ ತೋಪಿನ ತೂಕ ಸುಮಾರು 55 ಟನ್, ಉದ್ದ ನಾಲ್ಕೂವರೆ ಮೀಟರಿಗೆ ಸ್ವಲ್ಪ ಕಡಿಮೆ. ಅದರ ಬಾಯಿಯೊಳಗೆ ಒಬ್ಬ ಆಳು ಮುದುರಿ ಕೂರಬಹುದು. ಇದನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಮೂಲದ ಕುಶಲಿ. ಮುಂದೆ ಅದು ಸೊಲ್ಲಾಪುರದ ಉತ್ತರಕ್ಕೆ, ಬಾರ್ಶಿಯ ಆಚೆಗಿರುವ ಪರಾಂಡ ಕೋಟೆಯಲ್ಲಿತ್ತು. 1632ರಲ್ಲಿ ಆದಿಲ್‌ಶಾಹಿ ಅಧಿಕಾರಿ ಮುರಾರಿ ಪಂಡಿತ ಅದನ್ನು ಅಲ್ಲಿಂದ ವಿಜಯಪುರಕ್ಕೆ ಸಾಗಿಸಿದ. ನಾನೂರು ಎತ್ತು, ಹತ್ತು ಆನೆ, ನೂರಾರು ಜನ ಬೇಕಾದರು ಎಂದು ಜನ ಇಂದಿಗೂ ಹೇಳುತ್ತಾರೆ. ಕಡಕ್ ಬಿಜಲಿ ಎಂಬ ಜೋಡಿ ತೋಪು ನದಿ ದಾಟಿಸುವಾಗ ಮುಳುಗಿಹೋಯಿತು ಎಂಬುದು ಅದೇ ಕಥೆಯ ಇನ್ನೊಂದು ತುಂಡು. ಎತ್ತುಗಳ ಲೆಕ್ಕ ಹೆಚ್ಚು ಕಡಿಮೆಯಾಗಿರಬಹುದು, ತೂಕವಂತೂ ಕಥೆಯಲ್ಲ. ಪರಾಂಡದಿಂದ ವಿಜಯಪುರಕ್ಕೆ ಬರಬೇಕಾದರೆ ಭೀಮೆಯನ್ನು ದಾಟಲೇಬೇಕು.

ನದಿಗಿಂತ ಮೊದಲು ಎದುರಾಗುವುದು ನೆಲ. ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ, ವಿಜಯಪುರದ ಸುತ್ತ ಹರಡಿರುವುದು ಎರೆಭೂಮಿ. ಈ ಕಪ್ಪು ಮಣ್ಣಿನ ಜೇಡಿಯ ಕಣಗಳು ತೆಳ್ಳನೆಯ ಹಾಳೆಗಳನ್ನು ಪೇರಿಸಿಟ್ಟ ಹಾಗಿರುತ್ತವೆ. ಮಳೆ ಬಿದ್ದಾಗ ಹಾಳೆಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ನೀರು ಆರಿ ಕಾಲು ಇಳಿಯುವಷ್ಟು ಅಗಲವಾಗಿ ಬಿರಿಯುತ್ತದೆ. ಒದ್ದೆಯಾದ ಎರೆಯಲ್ಲಿ ಜೋಳದ ಚೀಲ ಹೇರಿದ ಗಾಡಿಯೇ ಅಚ್ಚಿನವರೆಗೆ ಹೂತುಕೊಳ್ಳುತ್ತದೆ. ಚಕ್ರ ನೆಲದ ಮೇಲೆ ಹಾಕುವ ಒತ್ತಡ ಮಣ್ಣು ತಡೆದುಕೊಳ್ಳುವ ಬಲವನ್ನು ಮೀರಿದ ಕೂಡಲೇ ಎತ್ತುಗಳ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ. ಎಳೆದಷ್ಟೂ ಚಕ್ರ ಇಳಿಯುತ್ತದೆ. ಹೀಗಾಗಿ ಈ ಸೀಮೆಯಲ್ಲಿ ಭಾರಿ ತೋಪು ಯಾವ ತಿಂಗಳಲ್ಲಿ ಚಲಿಸಬೇಕೆಂಬುದನ್ನು ಸೇನಾಪತಿಗಿಂತ ಮೊದಲು ಮುಂಗಾರು ನಿರ್ಧರಿಸುತ್ತಿತ್ತು.

ಯುದ್ಧವಿದ್ಯೆಯಲ್ಲಿ ತಂತ್ರಜ್ಞಾನದ ಅವಲಂಬನೆ ಎಂದರೆ ಏನೆಂಬುದನ್ನು ತಿಳಿಯಲು ಈ ಉದಾಹರಣೆ ಸಾಕಷ್ಟು ನೆರವಾಗುತ್ತದೆ. ಕಣ್ಣಿಗೆ ಕಾಣುವುದು ಆಯುಧ. ಅದರ ಹಿಂದೆ ಎತ್ತು, ದಾರಿ, ಮದ್ದು, ಗುಂಡು, ಎರಕದವನು, ಗುರಿಕಾರ, ದುರಸ್ತಿ ಬಲ್ಲವನು, ಇವರೆಲ್ಲರಿಗೂ ಸಂಬಳ ಕೊಡುವ ಖಜಾನೆ, ಹೀಗೆ ಉದ್ದನೆಯ ಸರಪಳಿ ಇರುತ್ತದೆ. ಆಯುಧ ಹೊಸದಾದಷ್ಟೂ ಸರಪಳಿ ಉದ್ದವಾಗುತ್ತದೆ, ಅದರ ಕೊಂಡಿಗಳು ಊರಿನಿಂದ ದೂರ ಹೋಗುತ್ತವೆ. ಯಾವ ಕೊಂಡಿ ಪರರ ಕೈಯಲ್ಲಿದೆಯೋ ಅಪಾಯ ಅಲ್ಲಿರುತ್ತದೆ.

ಮಲಿಕ್-ಎ-ಮೈದಾನಿನ ಲೋಹದಲ್ಲಿ ಸುಮಾರು 80 ಭಾಗ ತಾಮ್ರ, 20 ಭಾಗ ತವರ ಇದೆ. ತೋಪಿನ ಕಂಚಿಗೆ ಸಾಮಾನ್ಯವಾಗಿ ಹತ್ತು ಭಾಗದಷ್ಟು ತವರ ಬೆರೆಸುವುದು ರೂಢಿ. ಇಪ್ಪತ್ತು ಭಾಗ ಎಂದರೆ ಗಂಟೆಯ ಲೋಹ: ಗಡುಸು ಹೆಚ್ಚು, ನಾದ ಚೆನ್ನ, ಆದರೆ ಪೆಟ್ಟಿಗೆ ಬಿರುಕು ಬಿಡುವ ಸ್ವಭಾವ. ಒಡೆದರೆ ಅದನ್ನು ಮತ್ತೆ ಎರಕ ಹೊಯ್ಯಬಲ್ಲ ಕುಲುಮೆ ವಿಜಯಪುರದ ಓಣಿಯಲ್ಲಿ ಇರುವಂಥದ್ದಲ್ಲ. ಕತ್ತಿ ಮುರಿದರೆ ಊರ ಕಮ್ಮಾರ ಸಾಕು, ಈ ತೋಪಿಗೆ ಇನ್ನೊಬ್ಬ ರೂಮಿಯೇ ಬೇಕು.

1685ರಿಂದ ಔರಂಗಜೇಬನ ಸೈನ್ಯ ವಿಜಯಪುರವನ್ನು ಮುತ್ತಿದ್ದಾಗ ಈ ತೋಪು ಬುರುಜಿನ ಮೇಲೆಯೇ ಇತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆ ನಡೆಯಿತು. ಊರೊಳಗೆ ದವಸ ತೀರಿತು, ಹುಲ್ಲಿಲ್ಲದೆ ಕುದುರೆಗಳು ಸತ್ತವು. 1686ರ ಸೆಪ್ಟೆಂಬರ್ 12ರಂದು ಸಿಕಂದರ್ ಆದಿಲ್‌ಶಾಹ ಶರಣಾದ. ಭಾರತದ ಅತಿ ದೊಡ್ಡ ತೋಪುಗಳಲ್ಲೊಂದು ಗೋಡೆಯ ಮೇಲಿದ್ದಾಗಲೇ ಗೋಡೆಯೊಳಗಿನ ರಾಜ್ಯ ಹಸಿವಿನಿಂದ ಮುಗಿಯಿತು. ಗೆದ್ದವನು ತೋಪಿನ ಮೇಲೆ ತನ್ನ ವಿಜಯದ ಸಾಲುಗಳನ್ನು ಕೆತ್ತಿಸಿದ. 1854ರಲ್ಲಿ ಅದು 150 ರೂಪಾಯಿಗೆ ಹರಾಜಾಗಿ, ಆಮೇಲೆ ಆ ಮಾರಾಟ ರದ್ದಾಯಿತು.

ಮದ್ದು ಮತ್ತು ವೇಳೆ

ತೋಪಿನ ಮದ್ದಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ಊರಿನ ಹಳೆಯ ಮಣ್ಣಿನಲ್ಲಿ, ದನದ ಕೊಟ್ಟಿಗೆಯ ನೆಲದಲ್ಲಿ ಸೂಕ್ಷ್ಮಜೀವಿಗಳ ಕೆಲಸದಿಂದ ಹುಟ್ಟುತ್ತದೆ; ಆ ಮಣ್ಣನ್ನು ನೀರಿನಲ್ಲಿ ಕಲಸಿ, ಸೋಸಿ, ಕುದಿಸಿ ಹರಳು ತೆಗೆಯುತ್ತಿದ್ದರು. ಶುದ್ಧವಾದ ಪೆಟ್ಲುಪ್ಪು ಗಾಳಿಯ ತೇವವನ್ನು ಅಷ್ಟಾಗಿ ಹೀರುವುದಿಲ್ಲ. ಅದರೊಂದಿಗೆ ಅಡುಗೆಯುಪ್ಪು, ಸುಣ್ಣದ ಲವಣ ಉಳಿದಿದ್ದರೆ ಮದ್ದು ಹಸಿಯಾಗುತ್ತದೆ, ಹಸಿಯಾದ ಮದ್ದು ಹೊತ್ತಿದರೂ ತಳ್ಳುವುದಿಲ್ಲ. 1757ರ ಪ್ಲಾಸಿ ಕದನದ ನಡುವೆ ಮಳೆ ಸುರಿದಾಗ ಕಂಪನಿಯ ಸಿಪಾಯಿಗಳು ಮದ್ದಿನ ಮೇಲೆ ಟಾರ್ಪಾಲು ಹೊದಿಸಿದರು. ನವಾಬನ ಕಡೆಯ ಮದ್ದು ನೆನೆಯಿತು. ಎರಡೂ ಕಡೆಯ ತೋಪುಗಳು ಸರಿಯಾಗಿಯೇ ಇದ್ದವು.

ಇನ್ನೊಂದು ಮಿತಿ ವೇಳೆಯದು. ಗುಂಡು ಹಾರಿದ ಮೇಲೆ ನಳಿಗೆ ಒರೆಸಿ, ಕಿಡಿ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮದ್ದು ತುಂಬಿ, ಗುಂಡು ತಳ್ಳಿ, ರಂಜಕ ಹಾಕಬೇಕು. ಆ ಹೊತ್ತಿನಲ್ಲಿ ತೋಪು ಬರಿಯ ಲೋಹದ ದಿಮ್ಮಿ. 1520ರ ಮೇ ತಿಂಗಳಲ್ಲಿ ಕೃಷ್ಣಾ ನದಿಯ ದಂಡೆಯಲ್ಲಿ, ರಾಯಚೂರಿನ ಕದನದಲ್ಲಿ ಇದು ಬಯಲಾಯಿತು. ಇಸ್ಮಾಯಿಲ್ ಆದಿಲ್‌ಶಾಹ ತೋಪುಗಳನ್ನೇ ನೆಚ್ಚಿ ನದಿ ದಾಟಿ ಬಂದಿದ್ದ. ಪೋರ್ಚುಗೀಸ್ ವರ್ತಕ ನುನಿಜ್ ಬರೆದಂತೆ ಅವನ ಕಡೆಯವರು ಎಲ್ಲ ತೋಪುಗಳನ್ನೂ ಒಮ್ಮೆಗೇ ಹಾರಿಸಿದರು. ವಿಜಯನಗರದ ಮುಂಚೂಣಿ ಚದುರಿತು, ಆದರೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಕೃಷ್ಣದೇವರಾಯನ ಪಡೆ ಮೇಲೇರಿ ಬಂತು. ಹಿಂದೆ ನದಿ, ಮುಂದೆ ಶತ್ರು. ಆದಿಲ್‌ಶಾಹಿ ಸೈನ್ಯ ನೀರಿಗೆ ಬಿತ್ತು, ನೂರಾರು ತೋಪು ಗೆದ್ದವರ ವಶವಾದವು.

ಈ ಗೆಲುವಿನಿಂದ ಗೆದ್ದವರು ಕಲಿತ ಪಾಠ ಒಳ್ಳೆಯದಾಗಿರಲಿಲ್ಲ ಎಂದು ಇತಿಹಾಸಕಾರ ರಿಚರ್ಡ್ ಈಟನ್ ವಾದಿಸುತ್ತಾರೆ. ಸೋತವರು ತೋಪಿನ ವಿದ್ಯೆಯನ್ನು ತಿದ್ದಿಕೊಂಡರು. ಗೆದ್ದ ವಿಜಯನಗರ ಅದನ್ನು ಹಗುರವಾಗಿ ಕಂಡಿತು. 1565ರ ತಾಳಿಕೋಟೆಯ ಕದನದಲ್ಲಿ ನಿಜಾಮ್‌ಶಾಹಿ ತೋಪುಗಳ ಸಾಲು ವಿಜಯನಗರದ ಪಡೆಯ ಮೇಲೆ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿತೆಂದು ಚರಿತ್ರೆಕಾರ ಫರಿಷ್ತಾ ಬರೆದಿದ್ದಾನೆ. ಆದ್ದರಿಂದ ಹೊಸ ಆಯುಧವನ್ನು ದೂರ ಇಡಬೇಕೆಂಬ ವಾದಕ್ಕೆ ಈ ಪ್ರಾಂತದ ಇತಿಹಾಸದಲ್ಲಿ ಆಧಾರ ಸಿಗುವುದಿಲ್ಲ. ತಂತ್ರಜ್ಞಾನವಿಲ್ಲದವನೂ ಸೋತಿದ್ದಾನೆ, ಅದೊಂದನ್ನೇ ನೆಚ್ಚಿದವನೂ ಸೋತಿದ್ದಾನೆ.

ಸೊಲ್ಲಾಪುರ, 1818

ಸೊಲ್ಲಾಪುರದ ಕೋಟೆ ಭೂಯಿಕೋಟೆ, ಅಂದರೆ ಗುಡ್ಡದ ಆಸರೆಯಿಲ್ಲದೆ ಸಮತಟ್ಟಾದ ನೆಲದ ಮೇಲೆ ಕಟ್ಟಿದ್ದು. ಬಹಮನಿ ಕಾಲದಲ್ಲಿ ಎದ್ದು ಆದಿಲ್‌ಶಾಹಿಗಳ ಕಾಲದಲ್ಲಿ ಬೆಳೆದ ಈ ಕೋಟೆಗೆ ಎರಡು ಸುತ್ತಿನ ಗೋಡೆ, ಒಂದು ಮಗ್ಗುಲಿಗೆ ಸಿದ್ಧರಾಮ ಕಟ್ಟಿಸಿದನೆಂದು ಪ್ರತೀತಿಯಿರುವ ಸಿದ್ಧೇಶ್ವರ ಕೆರೆ, ಉಳಿದ ಕಡೆ ಕಂದಕ. ಸೊನ್ನಲಿಗೆಯೆಂಬ ಹಳೆಯ ಹೆಸರಿನ ಈ ಊರಿಗಾಗಿ ಅಹಮದ್‌ನಗರವೂ ವಿಜಯಪುರವೂ ತಲೆಮಾರುಗಳ ಕಾಲ ಕಾದಾಡಿದವು. ಮದುವೆಯ ಬಳುವಳಿಯಾಗಿಯೂ ಇದರ ಹೆಸರು ಬಂದುಹೋಗಿದೆ.

1818ರ ವಸಂತದ ಹೊತ್ತಿಗೆ ಎರಡನೆಯ ಬಾಜೀರಾವ್ ಪೇಶ್ವೆ ಬ್ರಿಟಿಷರಿಂದ ತಪ್ಪಿಸಿಕೊಂಡು ತಿಂಗಳುಗಟ್ಟಲೆ ಓಡುತ್ತಿದ್ದ. ಸೊಲ್ಲಾಪುರ ಜಿಲ್ಲೆಯ ಆಷ್ಟಿಯಲ್ಲಿ ಫೆಬ್ರವರಿ 20ರಂದು ಅವನ ಸೇನಾಪತಿ ಬಾಪು ಗೋಖಲೆ ಮಡಿದಿದ್ದ. ಕುದುರೆ ಪಡೆ ಬೆನ್ನಟ್ಟಿ ಬರುವಾಗ ಕುದುರೆಯ ವೇಗದಲ್ಲಿಯೇ ಓಡಬೇಕು. ಎತ್ತು ಎಳೆಯುವ ತೋಪು ಆ ವೇಗಕ್ಕೆ ಬರುವುದಿಲ್ಲ, ತೋಪನ್ನು ಕಾಯುವ ಕಾಲಾಳುಗಳೂ ಬರುವುದಿಲ್ಲ. ಪೇಶ್ವೆಯ ಸೈನ್ಯ ಹೀಗೆ ಎರಡಾಯಿತು. ಸವಾರರು ಒಡೆಯನ ಜೊತೆ ಹೋದರು. ತೋಪು ಮತ್ತು ಕಾಲಾಳು ಗಣಪತರಾವ್ ಪಾನ್ಸೆಯ ಅಧೀನದಲ್ಲಿ ಸೊಲ್ಲಾಪುರದ ಗೋಡೆಯ ನೆರಳಿಗೆ ಬಂದು ನಿಂತವು. ಪಾನ್ಸೆ ಮನೆತನ ಪೇಶ್ವೆಗಳ ತೋಪಖಾನೆಯನ್ನು ವಂಶಪಾರಂಪರ್ಯವಾಗಿ ನೋಡಿಕೊಂಡು ಬಂದಿತ್ತು. ಅವರಿಗೆ ಕೆಲಸ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಧಾರವಾಡದ ಕಡೆಯಿಂದ ಬಾದಾಮಿ, ಬೆಳಗಾವಿಗಳನ್ನು ಹಿಡಿದುಕೊಂಡು ಬಂದ ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಮನ್ರೊ ಮೇ 10ರ ನಸುಕಿನಲ್ಲಿ ಸೊಲ್ಲಾಪುರದ ಪೇಟೆಯ ಗೋಡೆಗೆ ಏಣಿ ಹಾಕಿಸಿದ. ಪಾನ್ಸೆ ಕೋಟೆಯ ಬಳಿಯಿಂದ ತೋಪುಗಳನ್ನು ಸುತ್ತುಹಾಕಿ ತಂದು ಬ್ರಿಟಿಷರ ಮಗ್ಗುಲಿಗೆ ಹಾರಿಸಿದ. ಬಂದೂಕಿನ ತುದಿಗೆ ಸನೀನು ಸಿಕ್ಕಿಸಿಕೊಂಡ ಸಾಲು ಓಡಿಬಂದು ಅವುಗಳಲ್ಲಿ ಕೆಲವನ್ನು ಹಿಡಿಯಿತು. ಅದೇ ದಿನ ಬಯಲಿನ ಪಡೆ ಹಿಂದೆಗೆದು ಹೊರಟಾಗ ಬ್ರಿಟಿಷ್ ಸವಾರರು ಅದನ್ನು ಸೀನಾ ನದಿಯ ಕಡೆಗೆ ಅಟ್ಟಿಸಿಕೊಂಡು ಹೋಗಿ ಚದುರಿಸಿದರು. ಪೇಶ್ವೆಯ ಸವಾರರು ಆಗ ಸೊಲ್ಲಾಪುರದಿಂದ ಬಹುದೂರದಲ್ಲಿದ್ದರು. ಕಾಲಾಳನ್ನು ಕಾಯಬೇಕಿದ್ದವರು ಅವರೇ. ಗೋಡೆಗೆ ಭಾರಿ ತೋಪುಗಳ ಏಟು ಬೀಳತೊಡಗಿದ ಮೇಲೆ, ಮೇ ತಿಂಗಳ ನಡುವಿನಲ್ಲಿ, ಕೋಟೆಯೂ ಶರಣಾಯಿತು. ಮೂರು ವಾರದೊಳಗೆ ಬಾಜೀರಾವ್ ತಾನೂ ಶರಣಾದ.

ಅಪಾಯದ ಇನ್ನೊಂದು ಬೇರು ಇದಕ್ಕಿಂತ ಹಳೆಯದು. ಮರಾಠ ಸರದಾರರು ಯುರೋಪಿನ ಕವಾಯತು ಕಲಿತ ಪಡೆಗಳನ್ನು ಕಟ್ಟಿಕೊಂಡಿದ್ದರು, ಆದರೆ ಅವುಗಳ ಮೇಲಧಿಕಾರಿಗಳು ಹೊರಗಿನವರು. 1803ರಲ್ಲಿ ದೌಲತರಾವ್ ಶಿಂಧೆಯೊಡನೆ ಯುದ್ಧ ಆರಂಭವಾಗುತ್ತಿದ್ದಂತೆ, ಅವನ ಚಾಕರಿ ಬಿಟ್ಟು ಬರುವ ಅಧಿಕಾರಿಗಳಿಗೆ ಜೀವನೋಪಾಯ ಕೊಡುವುದಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿ ಸಾರಿಸಿದ. ಹಲವರು ಹೋದರು. ಇಡೀ ಪಡೆಯ ಮುಖ್ಯಸ್ಥನಾಗಿದ್ದ ಫ್ರೆಂಚ್ ಜನರಲ್ ಪೆರೋನ್ ಸೆಪ್ಟೆಂಬರಿನಲ್ಲಿ ಬ್ರಿಟಿಷರ ಆಶ್ರಯಕ್ಕೆ ನಡೆದ. ಅದೇ ತಿಂಗಳು ಅಸ್ಸಾಯಿಯಲ್ಲಿ ಶಿಂಧೆಯ ಗೋಲಂದಾಜರು ತೋಪಿನ ಪಕ್ಕದಲ್ಲಿಯೇ ನಿಂತು ಸತ್ತರು. ತೋಪುಗಳಲ್ಲಿ ದೋಷವಿರಲಿಲ್ಲ, ಗೋಲಂದಾಜರ ಎದೆಗಾರಿಕೆಯಲ್ಲೂ ಇರಲಿಲ್ಲ. ಪೇಶ್ವೆಯ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟವಾಗಿತ್ತು: ಅವನ ಖಜಾನೆಯಿಂದ ಸಂಬಳ ಪಡೆದು, ಫೋರ್ಡ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈಯಲ್ಲಿ ತಯಾರಾಗಿದ್ದ ತುಕಡಿ 1817ರ ನವೆಂಬರ್ 5ರಂದು ಖಡಕಿಯ ಕದನದಲ್ಲಿ ಅವನ ವಿರುದ್ಧವೇ ನಿಂತಿತು.

ಗೆದ್ದವರ ಸರಪಳಿಯೂ ಉದ್ದವೇ ಇತ್ತು. ಅದರ ಒಂದು ಮುಖ್ಯ ಕೊಂಡಿ ಮೈಸೂರಿನ ಹುಲ್ಲುಗಾವಲಿನಲ್ಲಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯ ದನಗಳನ್ನು ಹೈದರನೂ ಟಿಪ್ಪುವೂ ತೋಪು ಎಳೆಯುವ ತಳಿಯಾಗಿ ಬೆಳೆಸಿದರು. ಅಮೃತಮಹಲ್ ಎಂಬ ಹೆಸರು ಟಿಪ್ಪುವಿನದು. ಈ ಎತ್ತು ಗಾತ್ರದಲ್ಲಿ ದೊಡ್ಡದಲ್ಲ, ಆದರೆ ಬಿಸಿಲಿನಲ್ಲಿ ಕಡಿಮೆ ಮೇವಿನಲ್ಲಿ ಬೇಗ ನಡೆಯುತ್ತದೆ. 1799ರ ನಂತರ ತಳಿ ಬ್ರಿಟಿಷರ ಪಾಲಾಗಿ, ಅವರ ತೋಪುಗಳು ದಖ್ಖನಿನಲ್ಲಿ ಅದರ ಹೆಗಲ ಮೇಲೆ ನಡೆದವು. 1860ರಲ್ಲಿ ಖರ್ಚು ಉಳಿಸಲೆಂದು ಕಾವಲುಗಳ ಆ ಏರ್ಪಾಟನ್ನು ಮುಚ್ಚಿ ದನಗಳನ್ನು ಮಾರಿಬಿಟ್ಟರು. ಸೈನ್ಯಕ್ಕೆ ತಕ್ಕ ಎತ್ತು ಮತ್ತೆಲ್ಲೂ ಸಿಗದೆ 1866ರಲ್ಲಿ ಮತ್ತೆ ತೆರೆಯಬೇಕಾಯಿತು. ಶಾಂತಿಕಾಲದಲ್ಲಿ ದಂಡದ ಖರ್ಚಿನಂತೆ ಕಾಣುವ ಕೊಂಡಿಗಳೇ ಮೊದಲು ಕತ್ತರಿಗೆ ಸಿಗುತ್ತವೆ. ತಳಿಯನ್ನಾದರೂ ಆರು ವರ್ಷಗಳ ನಂತರ ಮರಳಿ ಕಟ್ಟಬಹುದು, ಚದುರಿಹೋದ ಕುಶಲಿಗಳನ್ನು ಒಟ್ಟುಗೂಡಿಸುವುದು ಅದಕ್ಕಿಂತ ಕಷ್ಟ.

ಅಕ್ಕಲಕೋಟೆಯ ಶಸ್ತ್ರಾಗಾರ

ಸೊಲ್ಲಾಪುರದಿಂದ ಆಗ್ನೇಯಕ್ಕೆ ನಲವತ್ತು ಕಿಲೋಮೀಟರಿನಷ್ಟು ದೂರದ ಅಕ್ಕಲಕೋಟೆ ಸಾತಾರದ ಶಾಹು ಮಹಾರಾಜ ಸಾಕಿಕೊಂಡ ಫತೇಸಿಂಹ ಭೋಸಲೆಯ ವಂಶದ ಸಂಸ್ಥಾನ. ಸುತ್ತಲ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಅರಮನೆಯ ಶಸ್ತ್ರಾಗಾರದಲ್ಲಿ ಕತ್ತಿ, ಭರ್ಜಿ, ಗುರಾಣಿ, ಕೋವಿಗಳ ದೊಡ್ಡ ಸಂಗ್ರಹವಿದೆ. ಸಂಸ್ಥಾನ ಮೇಲಿನ ಅಧಿಪತಿಗೆ ಕುದುರೆ ಪಡೆಯೊಂದನ್ನು ಒದಗಿಸಬೇಕಿತ್ತು. 1868ರಲ್ಲಿ ಆ ಪಡೆ ಬರಖಾಸ್ತಾಗಿ, ಅದಕ್ಕೆ ಬದಲಾಗಿ ವರ್ಷಕ್ಕೆ 14,592 ರೂಪಾಯಿ ಬ್ರಿಟಿಷ್ ಸರ್ಕಾರಕ್ಕೆ ಸಲ್ಲತೊಡಗಿತು. ರಕ್ಷಣೆ ಎಂಬುದು ಹೀಗೆ ಅಕ್ಕಲಕೋಟೆಗೆ ವರ್ಷಾಶನದ ಲೆಕ್ಕವಾಯಿತು. ಪೇಶ್ವೆ 1802ರ ಡಿಸೆಂಬರ್ 31ರಂದು ವಸಯಿ ಒಪ್ಪಂದದಲ್ಲಿ ಕಂಪನಿಯ ಪಡೆಯನ್ನು ತನ್ನ ರಾಜ್ಯದೊಳಗೆ ಇರಿಸಿಕೊಂಡಾಗ ಒಪ್ಪಿದ್ದೂ ಇದೇ ಬಗೆಯ ವ್ಯವಸ್ಥೆಯನ್ನೇ.

ಇಂಥ ಶಸ್ತ್ರಾಗಾರದ ಆಯುಧಗಳನ್ನು ಹುಟ್ಟಿದ ಕಾಲದ ಕ್ರಮದಲ್ಲಿ ನೋಡಿದರೆ ಸರಪಳಿ ಹೇಗೆ ಊರಿಂದ ಜಾರಿಹೋಯಿತೆಂದು ತಿಳಿಯುತ್ತದೆ. ಕತ್ತಿಗೆ ಕಮ್ಮಾರ ಮತ್ತು ಸಾಣೆಯವನು ಸಾಕು. ಬತ್ತಿಯ ಕೋವಿಗೆ ಕಬ್ಬಿಣದ ನಳಿಗೆ ಬಡಿಯುವವನು ಬೇಕು, ಆದರೆ ಅದರ ಸೀಸದ ಗುಂಡನ್ನು ಮನೆಯಂಗಳದಲ್ಲಿ ಅಚ್ಚು ಹೊಯ್ಯಬಹುದು, ಮದ್ದನ್ನು ಪಕ್ಕದ ಊರಿನಿಂದ ತರಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ರೈಫಲ್ ಬೇರೆಯೇ ಜಾತಿ. ಅದರ ತೋಟಾದ ಹಿತ್ತಾಳೆ ಕವಚ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತಿರಬೇಕು. ಹಿಂಭಾಗದ ಪುಟ್ಟ ಟೋಪಿಯೊಳಗೆ ಪಾದರಸದಿಂದ ತಯಾರಿಸಿದ, ಪೆಟ್ಟಿಗೆ ಸಿಡಿಯುವ ರಾಸಾಯನಿಕ ಬೇಕು. ಅದು ಯಾವ ಕಮ್ಮಾರಸಾಲೆಯಲ್ಲೂ ಆಗುವ ಕೆಲಸವಲ್ಲ, ಆಗುವುದು 1869ರಲ್ಲಿ ಖಡಕಿಯಲ್ಲಿ ಶುರುವಾದಂಥ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆಯಲ್ಲಿ. ಕೋವಿ ಸಂಸ್ಥಾನದ್ದಾದರೂ ತೋಟಾ ಕೊಡುವುದು ಬಿಡುವುದು ಬೇರೆಯವರ ಇಚ್ಛೆ. 1878ರ ಶಸ್ತ್ರ ಕಾಯ್ದೆ ಕೋವಿಗೂ ಲೈಸೆನ್ಸಿನ ಕಟ್ಟು ಹಾಕಿತು. ತೋಟಾ ಸಿಗದ ಅತ್ಯುತ್ತಮ ರೈಫಲ್ ಶಸ್ತ್ರಾಗಾರದ ಗೋಡೆಗೆ ಅಲಂಕಾರ. ಅದರ ಪಕ್ಕದ ಹಳೆಯ ಕತ್ತಿಯನ್ನು ಇವತ್ತೂ ಹಿರಿಯಬಹುದು.

ಬೆಂಗಳೂರಿನ ವಿಮಾನ, ಹೊರಗಿನ ಎಂಜಿನ್

ಇಪ್ಪತ್ತನೆಯ ಶತಮಾನದಲ್ಲಿ ಇದೇ ಕಥೆ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಗೆ ಬಂತು. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡ ಎಚ್‌ಎಫ್-24 ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಅದರ ಮೈಕಟ್ಟನ್ನು ಶಬ್ದದ ಎರಡರಷ್ಟು ವೇಗಕ್ಕೆಂದು ಯೋಚಿಸಲಾಗಿತ್ತು. ಅದಕ್ಕಾಗಿ ನೆಚ್ಚಿಕೊಂಡಿದ್ದ ಹೆಚ್ಚು ಬಲದ ಓರ್ಫಿಯಸ್ ಎಂಜಿನ್ನಿನ ಬೆಳವಣಿಗೆ ಬ್ರಿಟನ್ನಿನಲ್ಲಿ ನಿಂತುಹೋಯಿತು. ಕಡಿಮೆ ಬಲದ ಎಂಜಿನ್ನಿನೊಂದಿಗೇ 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ಚೆನ್ನಾಗಿ ದುಡಿದವು, ಆದರೆ ಉದ್ದೇಶಿಸಿದ ವೇಗವನ್ನು ಮುಟ್ಟಲಿಲ್ಲ.

ಎಂಜಿನ್ ಇಷ್ಟು ಕಠಿಣವಾದ ಕೊಂಡಿ ಏಕೆ? ಜೆಟ್ ಎಂಜಿನ್ನಿನೊಳಗೆ ಉರಿಯುವ ಅನಿಲದ ಬಿಸಿ ಅದರ ಎದುರಿಗೆ ತಿರುಗುವ ಅಲಗಿನ ಲೋಹ ಕರಗುವ ಬಿಸಿಗಿಂತ ಹೆಚ್ಚು. ಅಲಗು ಕರಗದಿರಲು ಅದರೊಳಗೆ ಸೂಜಿಯಂಥ ನಾಳಗಳನ್ನು ಕೊರೆದು ತಂಪು ಗಾಳಿ ಹಾಯಿಸುತ್ತಾರೆ. ಜೊತೆಗೆ ಇಡೀ ಅಲಗನ್ನು ಒಂದೇ ಹರಳಾಗಿ ಬೆಳೆಸುತ್ತಾರೆ. ಹಲವು ಹರಳುಗಳಿದ್ದರೆ ಬಿಸಿಯಲ್ಲಿ ಅವು ಕೂಡುವ ಗೆರೆಗಳ ಉದ್ದಕ್ಕೂ ಲೋಹ ನಿಧಾನವಾಗಿ ಜಾರುತ್ತದೆ. ಈ ವಿದ್ಯೆ ಪುಸ್ತಕದಲ್ಲಿಲ್ಲ, ಕುಲುಮೆಗಳ ಮುಂದೆ ದಶಕಗಳ ಕಾಲ ಸೋತು ಕಲಿತವರ ಕೈಯಲ್ಲಿದೆ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ ಕಾವೇರಿ ಎಂಜಿನ್ ಯೋಜನೆ 1989ರಲ್ಲಿ ಮಂಜೂರಾಯಿತು. ಆದರೆ ಆ ಎಂಜಿನ್ನನ್ನು ಅಳವಡಿಸಬೇಕೆಂದಿದ್ದ ತೇಜಸ್ ಯುದ್ಧವಿಮಾನ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಎಂಜಿನ್ನಿನಲ್ಲಿಯೇ ಹಾರಿತು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದಾಗ ಹಾರಾಟ ನಿಯಂತ್ರಣದ ಮೇಲೆ ಅಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ತಂಡ ಹಿಂದಿರುಗಬೇಕಾಯಿತು. ತೇಜಸ್ಸಿನ ಮೊದಲ ಹಾರಾಟ 2001ರ ಜನವರಿ 4ಕ್ಕೆ ಆಯಿತು. ನಿಯಂತ್ರಣದ ತಂತ್ರಾಂಶವನ್ನು ಬೆಂಗಳೂರಿನಲ್ಲೇ ಪೂರ್ಣಗೊಳಿಸಿದ್ದು ಆ ತಂಡದ ದೊಡ್ಡ ಸಾಧನೆ. ಎಂಜಿನ್ನಿನ ಕೊಂಡಿ ಮಾತ್ರ ಹಾಗೆಯೇ ಉಳಿಯಿತು. 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ 2021ರಲ್ಲಿ ಒಪ್ಪಂದವಾಯಿತು, ಅದೇ ವರ್ಷ 99 ಎಂಜಿನ್ನುಗಳಿಗೆ ಬೇಡಿಕೆ ಹೋಯಿತು. ಮೊದಲನೆಯ ಎಂಜಿನ್ ಕೈಸೇರಿದ್ದು 2025ರ ಮಾರ್ಚಿನಲ್ಲಿ. ಯಾರೂ ದ್ವೇಷದಿಂದ ತಡೆದದ್ದಲ್ಲ. ದೂರದ ಕಾರ್ಖಾನೆಯೊಂದರ ತಯಾರಿಕೆಯ ಸಾಲು ತಡವಾದರೂ ವಾಯುಪಡೆಯ ಲೆಕ್ಕ ತಪ್ಪುತ್ತದೆ.

ಗಡಿಯಾರ

ಇಂದಿನ ಸೈನ್ಯದ ಕಾಣದ ಕೊಂಡಿಗಳಲ್ಲಿ ಅತಿ ಸೂಕ್ಷ್ಮವಾದದ್ದು ಗಡಿಯಾರ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ದಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಾಟ್ ಕ್ಷಿಪಣಿ ವ್ಯವಸ್ಥೆ ಇರಾಕಿನ ಸ್ಕಡ್ ಕ್ಷಿಪಣಿಯೊಂದನ್ನು ತಡೆಯಲಿಲ್ಲ; ಬ್ಯಾರಕ್ಕಿನಲ್ಲಿದ್ದ 28 ಸೈನಿಕರು ಸತ್ತರು. ಆ ಗಣಕ ವೇಳೆಯನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಮೂರರಲ್ಲೊಂದನ್ನು ದಶಮಾಂಶದಲ್ಲಿ ಬರೆಯಹೊರಟರೆ ಹೇಗೆ ಮುಗಿಯುವುದಿಲ್ಲವೋ ಹಾಗೆಯೇ ಹತ್ತರಲ್ಲೊಂದನ್ನು ಗಣಕದ ಸೊನ್ನೆ-ಒಂದುಗಳಲ್ಲಿ ಬರೆದರೆ ಕೊನೆಯಿಲ್ಲ. 24 ಸ್ಥಾನಗಳಿಗೆ ಅದನ್ನು ಕತ್ತರಿಸಲಾಗಿತ್ತು. ಒಂದೊಂದು ಎಣಿಕೆಯಲ್ಲಿ ತಪ್ಪುವುದು ಸೆಕೆಂಡಿನ ಕೋಟಿಯ ಒಂದು ಪಾಲಿನಷ್ಟು. ನೂರು ಗಂಟೆ ನಿಲ್ಲಿಸದೆ ಓಡಿಸಿದಾಗ 36 ಲಕ್ಷ ಎಣಿಕೆಗಳಾಗಿ ತಪ್ಪು ಸೆಕೆಂಡಿನ ಮೂರನೆಯ ಒಂದು ಭಾಗಕ್ಕೆ ಬೆಳೆಯಿತು. ಸೆಕೆಂಡಿಗೆ 1,600 ಮೀಟರಿಗೂ ಹೆಚ್ಚು ವೇಗದ ಸ್ಕಡ್ ಆ ಹೊತ್ತಿನಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ರೇಡಾರ್ ಆಕಾಶದ ತಪ್ಪು ತುಂಡನ್ನು ನೋಡಿತು. ತಿದ್ದಿದ ತಂತ್ರಾಂಶ ದಹ್ರಾನಿಗೆ ಬಂದದ್ದು ಮರುದಿನ. ಕೆಲವು ಗಂಟೆಗಳಿಗೊಮ್ಮೆ ಯಂತ್ರವನ್ನು ಆರಿಸಿ ಹೊತ್ತಿಸಿದ್ದರೆ ಲೆಕ್ಕ ಸೊನ್ನೆಯಿಂದ ಶುರುವಾಗುತ್ತಿತ್ತು, ಆದರೆ ಎಷ್ಟು ಗಂಟೆಗೊಮ್ಮೆ ಎಂಬುದನ್ನು ಯಂತ್ರದ ಮುಂದೆ ಕೂತವರಿಗೆ ಯಾರೂ ಹೇಳಿರಲಿಲ್ಲ. ಮರಣ ಹೊತ್ತ ಯಂತ್ರದ ಒಳಗುಟ್ಟು ಅದನ್ನು ನಡೆಸುವವನಿಗೇ ಗೊತ್ತಿಲ್ಲದಿರುವುದು ಅವಲಂಬನೆಯ ಅತ್ಯಂತ ನೋವಿನ ರೂಪ.

ಉಪಗ್ರಹಗಳಿಂದ ಸ್ಥಾನ ತಿಳಿಯುವುದೂ ಗಡಿಯಾರದ ಕೆಲಸವೇ. ಬೆಳಕು ಮತ್ತು ರೇಡಿಯೊ ತರಂಗ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ 30 ಸೆಂಟಿಮೀಟರ್ ಸಾಗುತ್ತವೆ. ಉಪಗ್ರಹದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ನೆಲದ ಮೇಲೆ ದೂರದ ಅಳತೆ 300 ಮೀಟರ್ ತಪ್ಪುತ್ತದೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬಿಡುವ ಸಂಕೇತ ಹೊರಡುವಾಗ ಮನೆಯ ಬಲ್ಬಿನಷ್ಟು ಶಕ್ತಿಯದು, ನೆಲ ಮುಟ್ಟುವಾಗ ಬಹಳ ಕ್ಷೀಣ. ಅದೇ ತರಂಗಾಂತರದಲ್ಲಿ ಹತ್ತಿರದಿಂದ ಗದ್ದಲ ಎಬ್ಬಿಸುವ ಸಣ್ಣ ಯಂತ್ರ ಅದನ್ನು ಮುಳುಗಿಸಬಲ್ಲದು. ಯುಕ್ರೇನಿನ ಯುದ್ಧದಲ್ಲಿ ಜಿಪಿಎಸ್ ನಂಬಿ ಗುರಿ ಹುಡುಕುವ ಅಮೆರಿಕದ ಎಕ್ಸ್‌ಕ್ಯಾಲಿಬರ್ ತೋಪುಗುಂಡುಗಳು ಮೊದಲು ನಿಖರವಾಗಿದ್ದು, ರಷ್ಯ ಸಂಕೇತಗಳನ್ನು ಕೆಡಿಸುವುದನ್ನು ಕಲಿತ ಮೇಲೆ ಬಹಳಷ್ಟು ಗುರಿ ತಪ್ಪಿದವು. ಅದೇ ಯುದ್ಧ ಆರಂಭವಾದ 2022ರ ಫೆಬ್ರವರಿ 24ರಂದು ವಯಾಸ್ಯಾಟ್ ಉಪಗ್ರಹ ಜಾಲದ ಮೋಡೆಮ್‌ಗಳ ಮೇಲೆ ಸೈಬರ್ ದಾಳಿ ನಡೆಯಿತು. ಯುಕ್ರೇನಿನ ಸಂಪರ್ಕದ ಜೊತೆಗೆ ಜರ್ಮನಿಯ ಸುಮಾರು 5,800 ಗಾಳಿ ಯಂತ್ರಗಳ ದೂರನಿಯಂತ್ರಣವೂ ಕಡಿದುಹೋಯಿತು.

ಸೈನ್ಯದ ಕೊಂಡಿಯೂ ನಾಗರಿಕರ ಕೊಂಡಿಯೂ ಈಗ ಒಂದೇ ಆಗಿರುವುದರಿಂದ ಹೀಗಾಗುತ್ತದೆ. ಸೊಲ್ಲಾಪುರವೇ ಇದಕ್ಕೆ ಉದಾಹರಣೆ. ದಕ್ಷಿಣದ ವಿದ್ಯುತ್ ಜಾಲ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದೇಶದ ಉಳಿದ ಜಾಲದೊಂದಿಗೆ ಒಂದೇ ಲಯಕ್ಕೆ ಕೂಡಿಕೊಂಡಿತು. ಇಂಥ ದೊಡ್ಡ ಜಾಲದ ದೂರದೂರದ ಅಳತೆಗಳನ್ನು ಒಂದೇ ಕ್ಷಣಕ್ಕೆ ಹೊಂದಿಸುವ ಉಪಕರಣಗಳು ವೇಳೆಯನ್ನು ಪಡೆಯುವುದು ಉಪಗ್ರಹಗಳ ಗಡಿಯಾರದಿಂದಲೇ. ವಾಯುನೆಲೆಯ ದೀಪ ಉರಿಯುವುದೂ ನೇಕಾರನ ಪವರ್‌ಲೂಮ್ ಓಡುವುದೂ ಅದೇ ಜಾಲದಿಂದ.

ಎದುರಿಸುವ ದಾರಿಗಳಿವೆ, ಎಲ್ಲವೂ ಖರ್ಚಿನವು. ಅಮೆರಿಕದ ನೌಕಾ ಅಕಾಡೆಮಿ ನಕ್ಷತ್ರ ನೋಡಿ ದಿಕ್ಕು ಲೆಕ್ಕಹಾಕುವ ಪಾಠವನ್ನು ಕೈಬಿಟ್ಟಿತ್ತು. 2015ರಲ್ಲಿ ಮತ್ತೆ ಕಲಿಸತೊಡಗಿತು. ಯುಕ್ರೇನಿನಲ್ಲಿ ರೇಡಿಯೊ ಸಂಕೇತಕ್ಕೆ ಬದಲಾಗಿ ಕಿಲೋಮೀಟರುಗಟ್ಟಲೆ ಗಾಜಿನ ಎಳೆಯನ್ನು ಬಿಚ್ಚುತ್ತ ಹಾರುವ ಡ್ರೋನುಗಳು ಬಂದವು. ಎಳೆಯೊಳಗಿನ ಬೆಳಕನ್ನು ಹೊರಗಿನ ಗದ್ದಲ ಕೆಡಿಸಲಾರದು. ಭಾರತ ಹಿಡಿದ ದಾರಿ ಸ್ವಂತ ಉಪಗ್ರಹಗಳದು. ಅಮೆರಿಕ 2000ದ ಮೇ ತಿಂಗಳವರೆಗೆ ಜಿಪಿಎಸ್ಸಿನ ಸಾರ್ವಜನಿಕ ಸಂಕೇತವನ್ನು ಬೇಕೆಂದೇ ನೂರು ಮೀಟರಿನಷ್ಟು ಕೆಡಿಸಿ ಕೊಡುತ್ತಿತ್ತು. ಅಂದರೆ 1999ರ ಕಾರ್ಗಿಲ್ ಯುದ್ಧದ ಹೊತ್ತಿಗೂ ಆ ನಲ್ಲಿ ಪರರ ಕೈಯಲ್ಲಿತ್ತು. ಏಳು ಉಪಗ್ರಹಗಳ ನಾವಿಕ್ ವ್ಯವಸ್ಥೆಯ ಮೊದಲನೆಯದು 2013ರ ಜುಲೈ 1ರಂದು ಮೇಲೇರಿತು. ಅದರ ಪಥನಿರ್ದೇಶನ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿದೆ, ಉಪಗ್ರಹಗಳ ಆರೈಕೆಯಲ್ಲಿ ಹಾಸನದ ಕೇಂದ್ರಕ್ಕೂ ಪಾಲಿದೆ.

ಉಪಗ್ರಹ ಸ್ವಂತದ್ದಾದರೂ ಅದರೊಳಗಿನ ರುಬಿಡಿಯಂ ಗಡಿಯಾರಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ಮೊದಲ ಉಪಗ್ರಹದ ಮೂರು ಗಡಿಯಾರಗಳೂ ಒಂದರ ಹಿಂದೊಂದು ನಿಂತವು. ಅದರ ಜಾಗ ತುಂಬಬೇಕಿದ್ದ ಉಪಗ್ರಹ 2017ರ ಆಗಸ್ಟ್ 31ರಂದು ರಾಕೆಟ್ಟಿನ ತುದಿಯ ಹೊದಿಕೆ ಕಳಚದೆ ಒಳಗೇ ಉಳಿಯಿತು. ಅಹಮದಾಬಾದಿನಲ್ಲಿ ತಯಾರಾದ ಸ್ವದೇಶಿ ಗಡಿಯಾರ 2023ರ ಮೇ 29ರಂದು ಎನ್‌ವಿಎಸ್-01ರೊಂದಿಗೆ ಏರಿತು; ಈ ಸರಪಳಿಯ ಅತಿ ಕಠಿಣ ಕೊಂಡಿ ಅಂದು ದೇಶದ ಕೈಗೆ ಬಂತು. ಮುಂದಿನ ಎನ್‌ವಿಎಸ್-02, 2025ರ ಜನವರಿ 29ರಂದು ಹಾರಿ, ಒಂದು ಕವಾಟ ತೆರೆಯದೆ ತನ್ನ ಕಕ್ಷೆ ಮುಟ್ಟಲಿಲ್ಲ. ಅದೇ ವರ್ಷದ ಜುಲೈಯಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, ಹಾರಿಸಿದ ಹನ್ನೊಂದರಲ್ಲಿ ಸ್ಥಾನ ತಿಳಿಸುವ ಕೆಲಸಕ್ಕೆ ಒದಗುತ್ತಿದ್ದವು ನಾಲ್ಕು. ಭೂಮಿಯ ಮೇಲೆ ಒಂದು ಬಿಂದುವನ್ನು ಗುರುತಿಸಲು ಅಕ್ಷಾಂಶ, ರೇಖಾಂಶ, ಎತ್ತರ, ಗ್ರಾಹಕ ಯಂತ್ರದ ಗಡಿಯಾರದ ತಪ್ಪು ಎಂಬ ನಾಲ್ಕು ಅಜ್ಞಾತಗಳನ್ನು ಬಿಡಿಸಬೇಕು. ನಾಲ್ಕು ಅಜ್ಞಾತಗಳಿಗೆ ನಾಲ್ಕು ಉಪಗ್ರಹ ಬೇಕು. ಇದ್ದದ್ದು ಅಷ್ಟೇ, ಮೀಸಲಿಗೆ ಐದನೆಯದಿರಲಿಲ್ಲ.